ಲೈನ್ ಮನೆಯ ಬಾಗಿಲು ಯಾರದು: ಕೊಡಗಿನ ಜಿಲ್ಲಾಡಳಿತಕ್ಕೂ ಬೆಳೆಗಾರ ಬಂಧುಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲೆಯ ಬೆಳೆಗಾರ ಬಂಧುಗಳೇ,

ಸಿದ್ದಾಪುರದ ಸಮೀಪ ಆರು ಎಕರೆ ರೋಬಸ್ಟಾ ಕಾಫಿ ತೋಟವಿಟ್ಟುಕೊಂಡು, ಮೂರು ದಶಕ ಕಾಲ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈ ಎರಡು ಕಸುಬುಗಳ ನಡುವೆ ಬಹುಕಾಲ ನನ್ನ ತಲೆಯಲ್ಲಿ ಒಂದು ಗೋಡೆ ಇತ್ತು. ತರಗತಿಯಲ್ಲಿ ಹೇಳಿದ್ದು ತೋಟಕ್ಕೆ ಬರುತ್ತಿರಲಿಲ್ಲ, ತೋಟದಲ್ಲಿ ಕಂಡದ್ದು ತರಗತಿಗೆ ಹೋಗುತ್ತಿರಲಿಲ್ಲ. ಆ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿದವಳು ಎರಡನೇ ವರ್ಷದ ಬಿ.ಎ. ಓದುತ್ತಿದ್ದ, ಲೈನ್ ಮನೆಯಿಂದ, ಎಂದರೆ ತೋಟದ ಕೆಲಸಗಾರರಿಗೆ ಮಾಲೀಕರು ಕಟ್ಟಿಸಿದ ಸಾಲು ಮನೆಯಿಂದ, ಬರುತ್ತಿದ್ದ ಒಬ್ಬ ಎರವ ಆದಿವಾಸಿ ಹುಡುಗಿ. ಕೂಲಿ ಹೆಚ್ಚಿದರೆ ಕೆಲಸಕ್ಕೆ ಬರುವವರು ಹೆಚ್ಚುತ್ತಾರೆ, ಕೂಲಿ ಕಡಿಮೆಯಾದರೆ ಬೇರೆ ಕಡೆ ಹೋಗುತ್ತಾರೆ ಎಂದು ನಾನು ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಾಗ ಅವಳು ಎದ್ದು ನಿಂತು, "ಸಾರ್, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕಾದವರು ಈ ಗೆರೆಯಲ್ಲಿ ಎಲ್ಲಿ ಬರ್ತಾರೆ?" ಎಂದು ಕೇಳಿದಳು. ಆ ದಿನ ನಾನು ಏನೋ ಒಂದು ಹೇಳಿ ಪಾಠ ಮುಂದುವರಿಸಿದೆ. ಈ ಪತ್ರ ತಡವಾಗಿ ಬರೆದ ಉತ್ತರ.

ನಮ್ಮ ಜಿಲ್ಲೆಯಲ್ಲಿ ಲೈನ್ ಮನೆಯ ವಿಷಯ ಬಂದಾಗಲೆಲ್ಲ ಮಾತು ಗುಣಾವಗುಣಗಳ ಕಡೆಗೇ ಹೊರಳುತ್ತದೆ. ಒಂದು ಕಡೆಯವರು ಕುಡಿತ, ಸೋಮಾರಿತನ, ಮುಂಗಡ ಪಡೆದು ಹೇಳದೆ ಕೇಳದೆ ಹೋಗಿಬಿಡುವ ಚಾಳಿ ಎನ್ನುತ್ತಾರೆ. ಇನ್ನೊಂದು ಕಡೆಯವರು ಮಾಲೀಕರ ಕ್ರೌರ್ಯ, ಶೋಷಣೆ ಎನ್ನುತ್ತಾರೆ. ಎರಡಕ್ಕೂ ಉದಾಹರಣೆಗಳು ಬೇಕಾದಷ್ಟು ಸಿಗುತ್ತವೆ, ಆದ್ದರಿಂದಲೇ ಈ ಜಗಳ ಮುಗಿಯುವುದಿಲ್ಲ. ರಾಜಕೀಯ ಅರ್ಥಶಾಸ್ತ್ರದ ಸಂಶೋಧನೆ ಇಲ್ಲಿ ಮಾಡುವ ಉಪಕಾರವೆಂದರೆ, ಅದು ಮನುಷ್ಯರ ಗುಣವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, 'ಆಗುವುದಿಲ್ಲ' ಎಂದವನಿಗೆ ಮರುದಿನ ಬೆಳಗ್ಗೆ ಹೋಗಲು ಯಾವ ಜಾಗವಿದೆ ಎಂದು ಕೇಳುತ್ತದೆ. ಸ್ವಂತ ಮನೆ, ತುಂಡು ಭೂಮಿ, ಕಾಡಿನ ಹುಟ್ಟುವಳಿ, ಸರ್ಕಾರದ ಕೆಲಸ, ಇವುಗಳಲ್ಲಿ ಯಾವುದಾದರೂ ಒಂದು ಇರುವವನ ಮಾತಿಗೂ ಯಾವುದೂ ಇಲ್ಲದವನ ಮಾತಿಗೂ ಕಣದಲ್ಲಿ ಒಂದೇ ತೂಕವಿರುವುದಿಲ್ಲ. ಇದನ್ನು ನಾನು ಹೊರದಾರಿ ಎಂದು ಕರೆಯುತ್ತೇನೆ.

ನಮ್ಮ ತಂದೆಯವರ ಕಾಲದಲ್ಲಿ, ತೋಟ ಪಾಲಾಗುವ ಮುಂಚೆ, ನಮ್ಮದು ಇಪ್ಪತ್ತೆರಡು ಎಕರೆ. ಕಣದ ಕೆಳಗೆ ಎಂಟು ಬಾಗಿಲಿನ ಒಂದು ಲೈನ್ ಇತ್ತು. ಹಾಜರಿ, ಸಂಬಳದ ಚೆಕ್‌ರೋಲ್ ಬೇರೆ, ಮುಂಗಡದ ಪುಸ್ತಕ ಬೇರೆ. ಮುಂಗಡದ ಪುಸ್ತಕ ಈಗಲೂ ನನ್ನ ಬಳಿ ಇದೆ. ಕಪ್ಪು ರಟ್ಟಿನದು, ಅಂಚುಗಳನ್ನು ಗೆದ್ದಲು ತಿಂದಿದೆ. ಒಂದೊಂದು ಕುಟುಂಬಕ್ಕೆ ಒಂದೊಂದು ಪುಟ. ಕಂಬಳಿ, ಬೆಲ್ಲ, ಕಾಯಿಲೆ, ಮದುವೆ, ಸಂತೆ ಖರ್ಚು ಎಂದು ಎಡಗಡೆ. ವಾರದ ಸಂಬಳದಲ್ಲಿ ಮುರಿದುಕೊಂಡದ್ದು ಬಲಗಡೆ. ಪ್ರತಿ ವರ್ಷ ಹುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ತಂದೆಯವರು ಗೆರೆ ಎಳೆದು ಬಾಕಿ ತೆಗೆಯುತ್ತಿದ್ದರು. ಒಂದು ಪುಟದಲ್ಲಿ ಗಂಡ ತೀರಿಕೊಂಡ ವರ್ಷದ ಗೆರೆಯ ಕೆಳಗೆ, ಅವರ ದುಂಡನೆಯ ಅಕ್ಷರದಲ್ಲಿ, 'ಬಾಕಿ ಮಗನ ಪುಟಕ್ಕೆ ತಂದದ್ದು' ಎಂದಿದೆ. ಆ ಮಗನಿಗೆ ಆಗ ಹದಿನಾಲ್ಕೋ ಹದಿನೈದೋ ವರ್ಷ. ಜೀತ ಪದ್ಧತಿ ರದ್ದತಿ ಕಾನೂನು ಆದದ್ದು 1976ರಲ್ಲಿ. ಆ ನಮೂದು ಅದಕ್ಕಿಂತ ಈಚಿನದು.

ನನ್ನ ತಂದೆ ಕೆಟ್ಟವರಾಗಿರಲಿಲ್ಲ. ಬಡ್ಡಿ ಎಂಬ ಅಂಕಣವೇ ಆ ಪುಸ್ತಕದಲ್ಲಿ ಇಲ್ಲ. ಮಳೆಗಾಲದ ನಡುರಾತ್ರಿಯಲ್ಲಿ ಹೆರಿಗೆ ನೋವೆಂದರೆ ಅವರೇ ಜೀಪು ತೆಗೆಯುತ್ತಿದ್ದರು. ಹಾಗಿದ್ದೂ ಆ ಕುಟುಂಬ ಬೇರೆ ತೋಟಕ್ಕೆ ಹೋಗಬೇಕಾದಾಗ ಅಲ್ಲಿನ ಮಾಲೀಕರು ಬಾಕಿ ತೀರಿಸಿ ಕರೆದುಕೊಂಡು ಹೋದರು. ಬಾಕಿ ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಹೋಯಿತು ಎಂದರೆ ಹೆಚ್ಚು ಸರಿ. ಒಳ್ಳೆಯತನವೂ ಕಟ್ಟಿಹಾಕುವಿಕೆಯೂ ಒಂದೇ ಪುಟದಲ್ಲಿ ಹೇಗೆ ಇರಬಲ್ಲವು ಎಂಬುದು ಅರ್ಥವಾಗಲು ನನಗೆ ಬೇರೆಯವರ ಅಧ್ಯಯನಗಳನ್ನು ಓದಬೇಕಾಯಿತು.

ಪಶ್ಚಿಮ ಬಂಗಾಳದ ಹಳ್ಳಿಗಳನ್ನು ನೋಡಿ ಬಂದ ಅಮಿತ್ ಭಾದುರಿಯವರು 1973ರಲ್ಲಿ ಒಂದು ವಾದ ಮುಂದಿಟ್ಟರು. ಜಮೀನು ಕೊಡುವವನೂ ಸಾಲ ಕೊಡುವವನೂ ಒಬ್ಬನೇ ಆಗಿದ್ದರೆ, ಗೇಣಿದಾರನ ಆದಾಯ ಹೆಚ್ಚುವುದು ಆ ಯಜಮಾನನಿಗೆ ಬೇಕಾಗಿರುವುದಿಲ್ಲ, ಏಕೆಂದರೆ ಸಾಲ ತೀರಿದರೆ ಹಿಡಿತವೂ ತಪ್ಪುತ್ತದೆ ಎಂಬುದು ಅದರ ತಿರುಳು. ಕೆಲವೇ ವರ್ಷಗಳಲ್ಲಿ ಪ್ರಣವ್ ಬರ್ಧನ್ ಮತ್ತು ಅಶೋಕ್ ರುದ್ರ ಪೂರ್ವ ಭಾರತದ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗ ಚಿತ್ರ ಅಷ್ಟು ಸರಳವಾಗಿ ಕಾಣಲಿಲ್ಲ. ಕೆಲಸಗಾರರಿಗೆ ಮಾಲೀಕರು ಕೊಡುವ ಸಾಲ ಎಷ್ಟೋ ಕಡೆ ಬಡ್ಡಿಯಿಲ್ಲದ್ದಾಗಿತ್ತು. ಸುಗ್ಗಿಯ ಸಮಯದಲ್ಲಿ ಆಳು ತಪ್ಪದೆ ಸಿಗಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ವಿದ್ವಾಂಸರು ಹೀಗೆ ಜಗಳವಾಡುವುದನ್ನು ಕಂಡು, ಇವರಿಗೇ ಒಮ್ಮತವಿಲ್ಲದ ಮೇಲೆ ನಮಗೇನು ಉಪಯೋಗ ಎಂದು ಕೇಳುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಉಪಯೋಗ ಆ ಜಗಳದಲ್ಲೇ ಇದೆ. ಬಡ್ಡಿ ಎಷ್ಟು ಎಂದು ಮಾತ್ರ ಕೇಳುವ ಸಮೀಕ್ಷೆ ನನ್ನ ತಂದೆಯವರ ಪುಸ್ತಕದಲ್ಲಿ ಯಾವ ದೋಷವನ್ನೂ ಕಾಣುವುದಿಲ್ಲ. ಕೆಲಸ, ಸಾಲ, ಸೂರು ಈ ಮೂರೂ ಒಂದೇ ಕೈಯಲ್ಲಿವೆಯೇ ಎಂದು ಕೇಳುವ ಸಮೀಕ್ಷೆ ಮಾತ್ರ ಆ ಪುಟ ಏನು ಹೇಳುತ್ತಿದೆ ಎಂದು ಓದಬಲ್ಲದು.

ಇದು ಕೊಡಗಿನಲ್ಲಿ ಹೀಗೆ ಏಕಾಯಿತು ಎಂಬುದಕ್ಕೆ ಇನ್ನೂ ಹಳೆಯ ಕತೆಯಿದೆ. ರಷ್ಯಾದ ಜೀತಪದ್ಧತಿಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ಎವ್ಸಿ ಡೋಮರ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಮಾತು ಹೇಳಿದ. ಯಾರು ಬೇಕಾದರೂ ಉಳಬಹುದಾದ ಬಿಡುವಾದ ಭೂಮಿ, ಸ್ವತಂತ್ರರಾದ ದುಡಿಮೆಗಾರರು, ತಾವು ದುಡಿಯದ ಭೂಮಾಲೀಕರು, ಈ ಮೂರರಲ್ಲಿ ಎರಡು ಒಟ್ಟಿಗೆ ಇರಬಹುದು, ಮೂರೂ ಒಟ್ಟಿಗೆ ಇರಲಾರವು ಎಂದ. ಇದನ್ನು ಕೊಡಗಿನ ಮೇಲೆ ಇಟ್ಟು ನೋಡಿ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1843ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಪ್ರದೇಶಗಳಲ್ಲಿ ಗುಲಾಮಗಿರಿಗೆ ಇದ್ದ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು. 1854ರಲ್ಲಿ ಫೌಲರ್ ಎಂಬ ಯೂರೋಪಿಯನ್ ಮಡಿಕೇರಿಯಲ್ಲಿ ಮೊದಲ ಕಾಫಿ ಎಸ್ಟೇಟ್ ತೆರೆದ. ಆಗ ಬೆಟ್ಟ ಬೇಕಾದಷ್ಟಿತ್ತು, ಕಾಡೂ ಬೇಕಾದಷ್ಟಿತ್ತು, ಇಲ್ಲದ್ದು ಆಳು. ಮೈಸೂರಿನ ಬಯಲುಸೀಮೆಯಿಂದ, ದಕ್ಷಿಣ ಕನ್ನಡದಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಜನರನ್ನು ಕರೆತಂದರು. 1859ರಲ್ಲಿ ಬಂದ ಇನ್ನೊಂದು ಕಾನೂನು, ಮುಂಗಡ ಪಡೆದು ಕೆಲಸ ಬಿಟ್ಟು ಹೋಗುವುದನ್ನು ಶಿಕ್ಷೆಗೆ ಗುರಿಯಾಗುವ ತಪ್ಪನ್ನಾಗಿ ಮಾಡಿತು. ಅದನ್ನು ರದ್ದುಗೊಳಿಸುವ ಕಾನೂನು ಬಂದದ್ದು 1925ರಲ್ಲಿ. ಅಂದರೆ ಆರು ದಶಕಗಳಿಗೂ ಮೀರಿ, ಇಂದು ನಾವು 'ಮುಂಗಡ ತಗೊಂಡು ಓಡಿಹೋದ' ಎಂದು ಗೊಣಗುವ ವಿಷಯಕ್ಕೆ ಜೈಲಿನ ಹೆದರಿಕೆ ಇತ್ತು. ನಮ್ಮ ಗೊಣಗಾಟದ ಧಾಟಿಗೂ ಆ ಕಾನೂನಿಗೂ ನಂಟಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಸ್ಥಳೀಯ ಎರವರು, ಜೇನುಕುರುಬರು, ಬೆಟ್ಟಕುರುಬರ ಕತೆ ಇನ್ನೊಂದು ತುದಿಯಿಂದ ಬಂದು ಇದೇ ಲೈನ್ ಮನೆಗೆ ಸೇರುತ್ತದೆ. ಅವರ ಹೊರದಾರಿ ಕಾಡು. ಜೇನು, ಗೆಣಸು, ಸೀಗೆಕಾಯಿ, ಹಾಡಿಯ (ಅವರ ಕಾಡಿನ ಊರಿನ) ಸುತ್ತಲಿನ ಜಾಗ ಇರುವಷ್ಟು ಕಾಲ ಅವರಲ್ಲಿ ಎಷ್ಟೋ ಮಂದಿ ಬೇಕೆಂದಾಗ ತೋಟಕ್ಕೆ ಬರುತ್ತಿದ್ದರು, ಬೇಡವೆಂದಾಗ ಹೋಗುತ್ತಿದ್ದರು. ಕಾಡು ಮೀಸಲು ಅರಣ್ಯವಾಯಿತು, ಮುಂದೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ದಾರಿ ಮುಚ್ಚಿತು. ಎರವರಲ್ಲಿ ಪಣಿಯ ಪಂಗಡದ ಬೇರು ವಯನಾಡಿನಲ್ಲಿದೆ. ಅಲ್ಲಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಪಣಿಯರನ್ನು ವರ್ಷದ ಲೆಕ್ಕಕ್ಕೆ ಜೀತಕ್ಕೆ ಹಿಡಿಯುತ್ತಿದ್ದುದು ಹಳೆಯ ತಲೆಗಳಿಗೆ ನೆನಪಿರುವ ಸಂಗತಿ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದ ದಿನ ಇದೇ ಜನ ವೇಷ ಕಟ್ಟಿ, ದೇವರಿಂದ ಹಿಡಿದು ತೋಟದ ಯಜಮಾನನವರೆಗೆ ಎಲ್ಲರನ್ನೂ ಬಾಯಿಗೆ ಬಂದಂತೆ ಬೈದು ಕಾಸು ಕೇಳುತ್ತಾರೆ. ನಾವೂ ನಗುತ್ತಾ ಕೊಡುತ್ತೇವೆ. ವರ್ಷದಲ್ಲಿ ಒಂದು ದಿನ ಮೀಸಲಿಟ್ಟು ಬೈಯುವಂಥ ಸಂಬಂಧ ಯಾವುದೆಂದು ಜಾನಪದದವರ ಜೊತೆಗೆ ಅರ್ಥಶಾಸ್ತ್ರದವರೂ ಕೇಳಬೇಕಿತ್ತು.

ಇನ್ನು ಕಾನೂನಿನ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗಂಟು ಬಿದ್ದಿರುವುದು ಇಲ್ಲಿ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ (2025ರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ), ತೋಟದಲ್ಲಿ ವಾಸಿಸುವ ಕೆಲಸಗಾರನಿಗೂ ಅವನ ಕುಟುಂಬಕ್ಕೂ ಮಾಲೀಕನೇ ಮನೆ ಕೊಡಬೇಕು ಎಂದು ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಮನೆ ಕೊಡುವ ಹೊಣೆಯನ್ನು ಕೆಲಸ ಕೊಡುವವನ ಮೇಲೆಯೇ ಹೊರಿಸಿದ್ದರಿಂದ ಮನೆ ಕೆಲಸಕ್ಕೆ ಕಟ್ಟಿಬಿತ್ತು. ಕೆಲಸದ ಋಣ ತೀರಿದ ದಿನ ಸೂರಿನ ಋಣವೂ ತೀರಿತು. ಸಾಲದ್ದಕ್ಕೆ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದುದು ಐದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿನ, ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ತೋಟಗಳು. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿಗಿಂತ ಕಡಿಮೆಯ ಸಣ್ಣ ಹಿಡುವಳಿಯವರು. ಅವರಲ್ಲಿ ನನ್ನಂಥವರ ತೋಟದ ಲೈನ್ ಮನೆಗೆ ಆ ಕಾಯ್ದೆಯ ರಕ್ಷಣೆಯಂತೂ ಇರಲಿಲ್ಲ, ಅದು ಬಿಗಿದ ಗಂಟು ಮಾತ್ರ ವಾಡಿಕೆಯಾಗಿ ಉಳಿದಿದೆ.

ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ 38ನೇ ಕಲಮು ಎಂಬುದೊಂದಿದೆ. ಬೇರೆಯವರ ಜಮೀನಿನಲ್ಲಿ ವಾಸದ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕ ಆ ಮನೆಗೂ ಅದರ ನಿವೇಶನಕ್ಕೂ ಒಡೆಯನಾಗಲು ಅದು ದಾರಿ ಮಾಡಿಕೊಡುತ್ತದೆ. ಅದೇ ಕಾಯ್ದೆಯ 104ನೇ ಕಲಮು, 38ನೇ ಕಲಮು ಪ್ಲಾಂಟೇಶನ್‌ಗಳಿಗೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಬತ್ತದ ಗದ್ದೆಯ ಬದಿಯ ಗುಡಿಸಲಿನವನಿಗೆ ಕಾಯ್ದೆ ಕೊಟ್ಟ ಹಕ್ಕು ಕಾಫಿ ಗಿಡದ ಬುಡದ ಗುಡಿಸಲಿನವನಿಗೆ ಇಲ್ಲ. ಭೂಸುಧಾರಣೆಯ ಗಾಳಿ ಕರ್ನಾಟಕದಲ್ಲಿ ಜೋರಾಗಿ ಬೀಸಿದಾಗ ಕಾಫಿ ನಾಡಿನ ಲೈನ್ ಮನೆಗಳ ಬಾಗಿಲು ಅಲುಗಾಡದೆ ಉಳಿದದ್ದರ ಹಿಂದೆ ಈ ಒಂದು ಸಾಲಿನ ವಿನಾಯಿತಿಯಿದೆ. ರಾಜಕೀಯ ಅರ್ಥಶಾಸ್ತ್ರ ಎಂಬ ಮಾತಿನಲ್ಲಿ 'ರಾಜಕೀಯ' ಏಕೆ ಇದೆ ಎಂದು ವಿದ್ಯಾರ್ಥಿಗಳು ಕೇಳಿದರೆ ಈಗ ನಾನು ಈ ಎರಡು ಕಲಮುಗಳನ್ನು ಅಕ್ಕಪಕ್ಕ ಬರೆದು ತೋರಿಸುತ್ತೇನೆ.

ಇದರ ಪಕ್ಕದಲ್ಲಿ ಇಡಬೇಕಾದ ಮೂರನೆಯದೂ ಒಂದಿದೆ. ಸರ್ಕಾರಿ ಜಾಗವನ್ನು ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷಗಳ ಗುತ್ತಿಗೆ ಕೊಡಲು ರಾಜ್ಯ ಸರ್ಕಾರ 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿತು. ಬೆಳೆಗಾರ ಬಂಧುಗಳೇ, ಆ ತಿದ್ದುಪಡಿಯನ್ನು ಕೇಳಿದವರಲ್ಲಿ ನಾವೂ ಇದ್ದೇವೆ. ಅದು ತಪ್ಪೆಂದು ಇಲ್ಲಿ ವಾದಿಸುತ್ತಿಲ್ಲ. 25 ಎಕರೆ ಪೈಸಾರಿಗೆ, ಎಂದರೆ ಸರ್ಕಾರಿ ಜಾಗಕ್ಕೆ, ದಾರಿ ಹುಡುಕಬಲ್ಲ ಸರ್ಕಾರಕ್ಕೆ ಮೂರು ಸೆಂಟಿನ ನಿವೇಶನಕ್ಕೆ ದಾರಿ ಹುಡುಕುವುದು ಕಷ್ಟವಾಗಬಾರದು ಎಂದಷ್ಟೇ ಹೇಳುತ್ತೇನೆ.

ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಭಯ ನನಗೆ ಗೊತ್ತು, ಏಕೆಂದರೆ ಅದು ನನ್ನದೂ ಹೌದು. ಸ್ವಂತ ಮನೆಯಾದರೆ ಕುಯ್ಲಿಗೆ ಯಾರು ಬರುತ್ತಾರೆ, ಅಸ್ಸಾಮಿನಿಂದ ಬಂದವರನ್ನೇ ನೆಚ್ಚಿಕೊಂಡು ಎಷ್ಟು ವರ್ಷ ನಡೆಸುವುದು? ಇದಕ್ಕೆ ನೇರ ಉತ್ತರ ಕೊಡುವ ಅಧ್ಯಯನ ಕಾಫಿ ತೋಟದ್ದಲ್ಲ, ನಗರದ್ದು. ಆ ಅಂತರವನ್ನು ಮರೆಯದೆ ಹೇಳುತ್ತೇನೆ. 1990ರ ದಶಕದಲ್ಲಿ ಪೆರು ದೇಶ ನಗರದಂಚಿನ ಹತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಅವರಿದ್ದ ಜಾಗದ ಹಕ್ಕುಪತ್ರ ಕೊಟ್ಟಿತು. ಎರಿಕಾ ಫೀಲ್ಡ್ ಅದನ್ನು ಅಭ್ಯಾಸ ಮಾಡಿ ನೋಡಿದಾಗ, ಹಕ್ಕುಪತ್ರ ಸಿಕ್ಕ ಮನೆಯವರು ಹೊರಗೆ ದುಡಿಯುವ ಗಂಟೆಗಳು ಹೆಚ್ಚಾಗಿದ್ದವು. ಮನೆ ಕೈತಪ್ಪೀತೆಂದು ಕಾಯುತ್ತಾ ಕೂರುವ ಅಗತ್ಯ ಅವರಿಗೆ ಉಳಿದಿರಲಿಲ್ಲ. ಅವಿಭಜಿತ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತರಿಯ ಹಣ ಸರಿಯಾಗಿ ಕೈಸೇರುವಂತೆ ಮಾಡಿದಾಗಲೂ ಬಡವರ ಆದಾಯ ಏರಿದ್ದು ಬಹುಪಾಲು ಖಾಸಗಿ ಕೂಲಿಯಿಂದ ಎಂದು ಇನ್ನೊಂದು ದೊಡ್ಡ ಅಧ್ಯಯನ ತೋರಿಸಿತು. ಹೊರದಾರಿ ತೆರೆದುಕೊಂಡ ಮೇಲೂ ಜನ ದುಡಿದರು, ದುಡಿಮೆಯ ಬೆಲೆ ಹೆಚ್ಚಾಯಿತು. ನಮಗೆ ಖರ್ಚು ಬೀಳುವುದು ಖಂಡಿತ. ಆದರೆ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ್ದ ದಿನಗಳಲ್ಲಿ ನಮ್ಮ ಕಣದಲ್ಲಿ ಕೂಲಿಯ ಮಾತು ಎಷ್ಟು ಹೊತ್ತು ನಡೆಯಿತು ಎಂದು ಒಮ್ಮೆ ನೆನಪಿಸಿಕೊಳ್ಳೋಣ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿದು, ಮುಂದಿನ ವರ್ಷಗಳಲ್ಲಿ ಬೆಲೆ ನೆಲಕಚ್ಚಿದಾಗ ಕಷ್ಟ ಮೊದಲು ಇಳಿದದ್ದು ಲೈನ್ ಮನೆಗೆ. ಬೆಲೆ ಏರಿದಾಗ ಸುಖ ಅಲ್ಲಿಗೆ ಕೊನೆಗೆ ತಲುಪುತ್ತದೆ, ತಲುಪಿದರೆ.

ಮಾನ್ಯ ಜಿಲ್ಲಾಧಿಕಾರಿಗಳೇ, ನಿವೇಶನ ಎಂದಾಕ್ಷಣ ಎಲ್ಲೋ ಒಂದು ಕಡೆ ಸಾಲು ಮನೆ ಕಟ್ಟಿಸುವುದೆಂದು ಅರ್ಥವಾಗಬಾರದು. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ಬೀದಿಗೆ ಬಿದ್ದ ನೂರಾರು ಕುಟುಂಬಗಳಲ್ಲಿ ಬಹಳಷ್ಟು ಮಂದಿ ಲೈನ್ ಮನೆಗಳಿಂದ ಹೊರಬಂದವರು. ಅವರಿಗೆ ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳಾದವು. ಸರ್ಕಾರ ಕೈಬಿಡಲಿಲ್ಲ ಎಂಬುದು ನಿಜ. ಆದರೆ ಅವರು ಬಲ್ಲ ತೋಟ, ಕಾಡು, ನೆಂಟರಿಷ್ಟರೆಲ್ಲ ಉಳಿದದ್ದು ಜಿಲ್ಲೆಯ ಇನ್ನೊಂದು ಮಗ್ಗುಲಿನಲ್ಲಿ. ಅಹಮದಾಬಾದಿನಲ್ಲಿ ಬೀಡಿ ಕಟ್ಟುವ ಮಹಿಳೆಯರಿಗೆ 1987ರಲ್ಲಿ ಲಾಟರಿ ಎತ್ತಿ ನಗರದಾಚೆ ಒಳ್ಳೆಯ ಮನೆಗಳನ್ನು ಕೊಟ್ಟಿದ್ದರು. ಹದಿನಾಲ್ಕು ವರ್ಷಗಳ ನಂತರ ಸಂಶೋಧಕರು ಹೋಗಿ ನೋಡಿದರೆ, ಮನೆ ಗೆದ್ದವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ ಅಲ್ಲಿಗೆ ಹೋಗಿರಲೇ ಇಲ್ಲ, ಹೋದವರಲ್ಲೂ ಅನೇಕರು ಮರಳಿದ್ದರು, ಆದಾಯವೂ ಹೆಚ್ಚಿರಲಿಲ್ಲ. ಕಷ್ಟಕಾಲದಲ್ಲಿ ಕೈಗೆ ಸಿಗುತ್ತಿದ್ದ ನೆರೆಹೊರೆ ದೂರವಾಗಿತ್ತು. ಮನೆ ಕೆಲಸಕ್ಕೆ ನಡೆದು ಹೋಗುವಷ್ಟು ದೂರದಲ್ಲಿರಬೇಕು, ಒಂದೇ ಒಂದು ತೋಟವನ್ನು ನೆಚ್ಚಿ ಇರಬೇಕಾದಷ್ಟು ಹತ್ತಿರದಲ್ಲೂ ಇರಬಾರದು. ನಾಲ್ಕೈದು ತೋಟಗಳ ನಡುವೆ, ರಸ್ತೆಯ ಬದಿಯ ಪೈಸಾರಿಯಲ್ಲಿ, ಹತ್ತಿಪ್ಪತ್ತು ಮನೆಗಳ ಸಣ್ಣ ಸಣ್ಣ ಗುಂಪುಗಳನ್ನು ಯೋಚಿಸಿದರೆ ಒಳ್ಳೆಯದು.

ಅದಕ್ಕೂ ಮುಂಚೆ ಒಂದು ಸಮೀಕ್ಷೆಯಾಗಬೇಕು. ನಮ್ಮ ತೋಟಗಳ ನೆರಳಿನ ಮರಗಳನ್ನು, ಹಕ್ಕಿಗಳನ್ನು, ಆನೆಯ ದಾರಿಗಳನ್ನು ದೇಶ ವಿದೇಶದ ಸಂಶೋಧಕರು ಬಂದು ಎಣಿಸಿದ್ದಾರೆ. ಅದೇ ಶ್ರದ್ಧೆ ಲೈನ್ ಮನೆಯ ಬಾಗಿಲಿಗೂ ಸಲ್ಲಲಿ. ಕುಟುಂಬದಲ್ಲಿ ಎಷ್ಟು ಜನ, ಪಡಿತರ ಚೀಟಿ ಇದೆಯೇ ಎಂಬಷ್ಟಕ್ಕೆ ನಿಲ್ಲದೆ, ಈ ಮನೆಗೆ ಪಂಚಾಯಿತಿಯ ಸಂಖ್ಯೆ ಇದೆಯೇ, ವಾಸದ ದೃಢೀಕರಣಕ್ಕೆ ಯಾರ ಸಹಿ ಬೇಕಾಗುತ್ತದೆ, ಮುಂಗಡದ ಬಾಕಿ ಯಾರ ಪುಸ್ತಕದಲ್ಲಿದೆ, ಆ ಲೆಕ್ಕವನ್ನು ನೀವು ಓದಿ ನೋಡಬಲ್ಲಿರಾ, ನಾಳೆ ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ಮನೆ ಬಿಡಬೇಕು, ಇದಕ್ಕೆ ಮುಂಚೆ ಯಾವ ಹಾಡಿಯಲ್ಲಿದ್ದಿರಿ ಎಂದು ಕೇಳಬೇಕು. ಕೊನೆಯ ಪ್ರಶ್ನೆ ಮುಖ್ಯ. ಅರಣ್ಯ ಹಕ್ಕು ಕಾಯ್ದೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಪರಿಹಾರವಿಲ್ಲದೆ ಕಾಡಿನಿಂದ ಹೊರಬಿದ್ದ ಆದಿವಾಸಿಗಳಿಗೂ ಪುನರ್ವಸತಿಯ ಹಕ್ಕನ್ನು ಕೊಡುತ್ತದೆ, ಆದರೆ ಲೈನ್ ಮನೆಗೆ ಬಂದು ಸೇರಿದವರ ಹಾಡಿಯ ಹೆಸರು ಯಾವ ಕಾಗದದಲ್ಲೂ ಉಳಿಯದಿದ್ದರೆ ಆ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ. ಈ ಪ್ರಶ್ನೆಗಳನ್ನು ಮಾಲೀಕರ ಎದುರಿನಲ್ಲಿ ಕೇಳಬಾರದು. ಸಂತೆಯ ದಿನ, ಅವರ ಭಾಷೆ ಬಲ್ಲವರು, ಸಾಧ್ಯವಾದರೆ ಅದೇ ಸಮುದಾಯದ ಓದಿದ ಹುಡುಗ ಹುಡುಗಿಯರು ಕೇಳಬೇಕು. ಜಿಲ್ಲೆಯ ಕಾಲೇಜುಗಳ ಅರ್ಥಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುತ್ತಿಲ್ಲ.

ನನ್ನ ಕಡೆಯಿಂದ ಎರಡು ಮಾತು. ತಂದೆಯವರ ಮುಂಗಡದ ಪುಸ್ತಕವನ್ನು, ಹೆಸರುಗಳನ್ನು ಮರೆಮಾಡಿ, ಇಂಥ ಅಧ್ಯಯನಕ್ಕೆ ಕೊಡಲು ಸಿದ್ಧನಿದ್ದೇನೆ. ಹಳೆಯ ಪುಸ್ತಕಗಳನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವ ಬೇರೆ ಬೆಳೆಗಾರರೂ ಇದ್ದಾರೆಂದು ಬಲ್ಲೆ. ಎರಡನೆಯದು, ಪಾಲಿನಲ್ಲಿ ನನಗೆ ಬಂದ ಜಾಗದಲ್ಲಿ ಆ ಲೈನಿನ ಮೂರು ಬಾಗಿಲುಗಳು ಉಳಿದಿವೆ. ಅವುಗಳಲ್ಲಿ ಒಂದರಲ್ಲಿ, 'ಬಾಕಿ ಮಗನ ಪುಟಕ್ಕೆ ತಂದದ್ದು' ಎಂಬ ಸಾಲಿನ ಆ ಮಗ, ತಿರುಗಿ ಬಂದು, ಮೊಮ್ಮಕ್ಕಳೊಂದಿಗೆ ಇದ್ದಾನೆ. ಆ ಮೂರು ಮನೆಗಳಿಗೆ ಮೂರು ಮೂರು ಸೆಂಟು ಬರೆದುಕೊಡೋಣವೆಂದು ನಾನು ಹೊರಟಾಗ, ಅದು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗ, ಆರ್‌ಟಿಸಿಯಲ್ಲಿ ಕುಟುಂಬದ ಹನ್ನೊಂದು ಮಂದಿಯ ಹೆಸರಿದೆ, ಅಳೆದು ಪಾಲು ಬೇರ್ಪಡಿಸುವ ಪೋಡಿಯಾಗಿಲ್ಲ, ಮೂರು ಸೆಂಟಿನ ತುಂಡು ನೋಂದಣಿಯಾಗುವುದೂ ಇಲ್ಲ ಎಂಬ ಉತ್ತರ ಬಂತು. ಕೊಡಬೇಕೆನ್ನುವವನು ಹಿಡಿಯಬೇಕಾದ ದಾರಿ ಯಾವುದು, ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ತಾವು ಒಂದು ಸುತ್ತೋಲೆಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ. ಉಳಿದ ಹತ್ತು ಮಂದಿಯ ಒಪ್ಪಿಗೆ ಪಡೆಯುವ ಕೆಲಸವನ್ನು ನಾನು ಈಗಾಗಲೇ ಶುರು ಮಾಡಿದ್ದೇನೆ, ಆರು ಸಹಿಗಳಾಗಿವೆ.

ತಮ್ಮ ವಿಶ್ವಾಸಿ,
ಸಿದ್ದಾಪುರ ಸಮೀಪದ ಒಬ್ಬ ಸಣ್ಣ ಬೆಳೆಗಾರ, ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ